ಡೀಸೆಲ್ ಟ್ಯಾಂಕಿನಲ್ಲಿ ಸಿಹಿನೀರು

೧೯೭೩ರ ಮೇ ಏಳನೆಯ ತಾರೀಖು, ಸೋಮವಾರ. ಬೆಳಗಿನ ಹತ್ತೂವರೆಯ ಸುಮಾರಿಗೆ ಬೈಕುಲ್ಲಾ ಪೊಲೀಸ್ ಠಾಣೆಯ ಮೆಟ್ಟಿಲೇರಿ ಒಬ್ಬ ಮನುಷ್ಯ ಬಂದ. ಹಣೆಗೆ ವಿಭೂತಿ, ತಲೆಗೆ ಕರಿ ಟೋಪಿ, ಮೊಣಕೈಗೆ ಹೊಸ ಬ್ಯಾಂಡೇಜು. ಎದೆಗವಚಿಕೊಂಡು ತಂದಿದ್ದ ಗಾಜಿನ ಬಾಟಲಿಯೊಂದನ್ನು ಹವಾಲ್ದಾರ್ ಗುರವನ ಮೇಜಿನ ಮೇಲೆ ಮೆಲ್ಲಗೆ ಇಳಿಸಿ, “ಖೂನ್ ಮಾಡಲು ನೋಡಿದ್ದಾರೆ, ಬರೆದುಕೊಳ್ಳಿ” ಎಂದು ಮರಾಠಿಯಲ್ಲಿ ಹೇಳಿದ.

“ಯಾರನ್ನು?”

“ನನ್ನ ಗಾಡಿಯನ್ನು.”

ಗುರವನಿಗೆ ನಗು ತಡೆಯಲಾಗಲಿಲ್ಲ. ಒಳಕೋಣೆಯಲ್ಲಿದ್ದ ಇನ್‌ಸ್ಪೆಕ್ಟರ್ ಬಸವಂತರಾಯನಿಗೆ ನಗುವಿಗಿಂತ ಮೊದಲು ಆ ಮರಾಠಿಯೊಳಗೆ ಅಡಗಿದ್ದ ಧಾರವಾಡ ಕೇಳಿಸಿತು. ಬಸವಂತರಾಯನೂ ಆ ಕಡೆಯ ಬಿಜಾಪುರದವನು. ಮುಂಬಯಿಯಲ್ಲಿ ದಿನವಿಡೀ ಹಿಂದಿ ಮರಾಠಿ ಮಾತಾಡಿ ನಾಲಿಗೆ ಸವೆದವನಿಗೆ ಊರಕಡೆಯ ಧ್ವನಿ ಕಿವಿಗೆ ಬಿದ್ದರೆ ಸುಮ್ಮನಿರಲು ಆಗುತ್ತದೆಯೇ? ಒಳಗೆ ಕರೆಸಿ ಕುರ್ಚಿ ತೋರಿಸಿದ.

“ಕೂಡ್ರಿ. ಕನ್ನಡದಾಗ ಹೇಳ್ರಿ. ಏನ್ ಐತಿ ಬಾಟಲಿಯೊಳಗ?”

“ನೋಡ್ರಿ ಸಾಹೇಬ್ರ, ನೀವ ನೋಡ್ರಿ. ಮ್ಯಾಲ ಡೀಸೆಲ್. ತಳದಾಗ ನೀರು. ನಿನ್ನೆ ನನ್ನ ಟ್ಯಾಂಕಿನಿಂದ ಇಳಿಸೀನಿ.”

ಬಾಟಲಿಯಲ್ಲಿ ಮೇಲಿನ ಅರ್ಧ ಹಳದಿ, ಕೆಳಗಿನ ಅರ್ಧ ತಿಳಿ. ನಡುವೆ ಗೆರೆ ಎಳೆದ ಹಾಗೆ ಅಂಚು. ಬಸವಂತರಾಯ ಅಲ್ಲಾಡಿಸಿದಾಗ ಎಲ್ಲ ಕಲಸಿ ಮಜ್ಜಿಗೆಯಂತಾಯಿತು. ಮೇಜಿನ ಮೇಲಿಟ್ಟು ಮಾತು ಮುಂದುವರಿಸುವಷ್ಟರಲ್ಲಿ ನೀರು ಮತ್ತೆ ತಳ ಸೇರಿತ್ತು.

ಬಂದವನ ಹೆಸರು ನೀಲಕಂಠಪ್ಪ. ಗಿರಣಿಯಲ್ಲಿ ಬಾಯ್ಲರ್ ಮೇಸ್ತ್ರಿಯಾಗಿದ್ದು ಹೋದ ವರ್ಷ ನಿವೃತ್ತನಾದವನು. ಹೆಂಡತಿ ಕಸ್ತೂರಿಬಾಯಿಯ ಜೊತೆ ಅಲ್ಲೇ ಹತ್ತಿರದ ಚಾಳಿನ ಒಂದೇ ಕೋಣೆಯ ಖೋಲಿಯಲ್ಲಿ ವಾಸ. ಹಳೆಯದೊಂದು ಡೀಸೆಲ್ ವ್ಯಾನನ್ನು ಹರಾಜಿನಲ್ಲಿ ಹಿಡಿದು, ಗ್ಯಾರೇಜಿನ ಅಂಗಳದಲ್ಲಿ ನಿಲ್ಲಿಸಿ, ವರ್ಷಗಟ್ಟಲೆ ದುಡಿದು ಅದನ್ನು ಮನೆಯಾಗಿ ಮಾಡಿದ್ದ. ಅದರೊಳಗೇ ಮಲಗಬಹುದು, ಉಣ್ಣಬಹುದು, ಊರೂರು ತಿರುಗಬಹುದು. ಬರುವ ವಾರ ಶ್ರೀಶೈಲದಿಂದ ಶುರುಮಾಡಿ ಕನ್ಯಾಕುಮಾರಿಯ ತನಕ ಹೋಗುವ ಆಸೆ. ಶನಿವಾರ ಬಸವ ಜಯಂತಿ. ಅಂಗಳದಲ್ಲೇ ಗಾಡಿಯ ಪೂಜೆಯಾಯಿತು. ಭಾನುವಾರ ಗೆಳೆಯ ಮುರಿಗೆಪ್ಪನನ್ನು ಕೂಡಿಸಿಕೊಂಡು ಪವಾಯಿಯ ಕಡೆ ಒಂದು ಸುತ್ತು ಹೊರಟ. ಸಪಾಟು ರಸ್ತೆಯಲ್ಲಿ ಗಾಡಿ ಹೂವಿನ ಹಾಗೆ ಓಡಿತು. ಕೆರೆಯ ಹತ್ತಿರ ಏರು ಬಂದಾಗ ಎರಡು ಸಲ ಕೆಮ್ಮಿತು, ಸತ್ತಿತು. ಎಂಜಿನ್ ನಿಂತಮೇಲೆ ಬ್ರೇಕು ಕಲ್ಲಿನಂತೆ ಬಿಗಿದು, ಎಷ್ಟು ತುಳಿದರೂ ಹಿಡಿಯಲಿಲ್ಲ. ಗಾಡಿ ಹಿಂದಕ್ಕೆ ಉರುಳಿ ಮರಕ್ಕೆ ಬಡಿಯಿತು. ಮುರಿಗೆಪ್ಪನ ಹೆಗಲೆಲುಬು ಮುರಿದಿದೆ.

“ಹಿಂದ ಒಂದು ಬಸ್ ಬರ್ತಿತ್ತಂದ್ರ ಇಬ್ಬರೂ ಮುಗೀತಿದ್ವಿ,” ಎಂದ ನೀಲಕಂಠಪ್ಪ. ಆದರೆ ಅವನು ಕಣ್ಣೊರೆಸಿಕೊಂಡದ್ದು ಆ ಮಾತಿಗಲ್ಲ. “ಪಂಪ್ ಕೆಟ್ಟು ಕೂತೈತ್ರಿ ಸಾಹೇಬ್ರ. ನೀರು ತಾಗಿದ್ರ ಅಕಿ ಒಳಗ ತುಕ್ಕು ತಿಂತೈತಿ. ಪಾಪ.”

ಅಕಿ! ಗಾಡಿ ಅವನಿಗೆ ‘ಆಕೆ’! ಬಸವಂತರಾಯ ನಗು ತಡೆದು ತುಟಿ ಬಿಗಿಹಿಡಿದ.

“ಹವಾ ತಂಪಾಗಿ ಟ್ಯಾಂಕಿನಾಗ ಬೆವರಿನಂಗ ನೀರು ಕೂಡ್ತೈತಂತಲ್ಲ?”

“ಅದು ನಾಕು ಹನಿ. ಅದಕ್ಕ ನಾ ಟ್ಯಾಂಕ್ ಯಾವಾಗಲೂ ಮುಕ್ಕಾಲು ತುಂಬಿಸಿ ಇಡ್ತೀನಿ. ಹವಾಕ್ಕ ಬಾಳ ಜಾಗಾ ಕೊಡೂದಿಲ್ಲ. ನಿನ್ನೆ ಇಳಿಸಿದ್ದು ಒಂದು ಕೊಡದಷ್ಟು! ಕೈಯಾರ ಸುರುವ್ಯಾರ.”

“ಯಾರು?”

“ಧರ್ಮಣ್ಣ. ಆ ಗ್ಯಾರೇಜಿನಾಗಿನ ಮೆಕ್ಯಾನಿಕ್. ನನ್ನ ಹೇಣ್ತಿ ಖಾಸಾ ತಮ್ಮ. ಊರಿಂದ ಕರಕೊಂಡು ಬಂದು ಕೆಲಸಕ್ಕ ಹಚ್ಚಿದಂವ ನಾನ. ಬರಕೊಳ್ರಿ.”

ಮಾತಿನಲ್ಲಿ ತಡವರಿಕೆ ಇರಲಿಲ್ಲ. ಒಬ್ಬರಿಗೆ ಗಾಯವಾಗಿದೆ, ಆಸ್ತಿ ನಷ್ಟವಾಗಿದೆ. ದೂರನ್ನು ತಳ್ಳಿಹಾಕುವ ಹಾಗಿರಲಿಲ್ಲ. ಗುರವ ನಗು ನುಂಗಿಕೊಂಡು ಭಾರತೀಯ ದಂಡಸಂಹಿತೆಯ ೩೩೮ ಮತ್ತು ೪೨೭ನೆಯ ಕಲಮುಗಳಡಿ ಎಫ್‌ಐಆರ್ ಬರೆದ. ಮಧ್ಯಾಹ್ನಕ್ಕೆ ಮೊದಲೇ ಮೂವರೂ ಗ್ಯಾರೇಜಿನ ಅಂಗಳಕ್ಕೆ ಬಂದರು.

ಗಾಡಿಯನ್ನು ಎಳೆದುತಂದು ಬೇವಿನ ನೆರಳಿಗೆ ನಿಲ್ಲಿಸಿದ್ದರು. ಹಿಂಭಾಗ ನಜ್ಜುಗುಜ್ಜಾಗಿದ್ದರೂ ಪೂಜೆಯ ಚೆಂಡುಹೂ ಇನ್ನೂ ಮೂತಿಗೆ ತೂಗುತ್ತಿತ್ತು. ಬಸವಂತರಾಯ ಒಳಗೆ ಹತ್ತಿದ. ಹತ್ತಿದವನು ಹಾಗೇ ನಿಂತ. ಎರಡು ಮಂಚ, ಎರಡಕ್ಕೂ ಹೊಸ ಕೌದಿ. ಕಿಟಕಿಗೆ ಕಸೂತಿಯ ಪರದೆ. ಗೋಡೆಗೆ ಮಡಚುವ ಮೇಜು. ಮೂಲೆಯಲ್ಲಿ ಮಿರಮಿರ ಮಿಂಚುವ ಪುಟ್ಟ ತೊಟ್ಟಿ, ಅದರ ಮೇಲೊಂದು ನಳ. ತಿರುಗಿಸಿದರೆ ಮಾಡಿನ ಮೇಲಿನ ಡಬ್ಬಿಯಿಂದ ನೀರು ಸುರ್ ಎಂದು ಬಂತು. ಇನ್‌ಸ್ಪೆಕ್ಟರ್ ಸಾಹೇಬ ಅದನ್ನು ಇನ್ನೆರಡು ಸಲ ತಿರುಗಿಸಿ ನೋಡಿದ.

ಹೊಟ್ಟೆಯೊಳಗೆ ಸಣ್ಣಗೆ ಉರಿಯಿತು. ಸುಳ್ಳೇಕೆ? ಪೊಲೀಸ್ ವಸತಿಯ ಎರಡು ಕೋಣೆಯಲ್ಲಿ ಹೆಂಡತಿ, ಮಕ್ಕಳು, ಊರಿಂದ ಬಂದು ಹೋಗುವ ನೆಂಟರು; ಕಾಲು ಚಾಚಿದರೆ ಯಾರದೋ ತಲೆ. ಈ ಮನುಷ್ಯನೋ ಬೇಕೆಂದಾಗ ಮನೆಯನ್ನೇ ಓಡಿಸಿಕೊಂಡು ಹೋಗುತ್ತಾನಂತೆ! ಈ ಗಾಡಿಯನ್ನು ಕಂಡು ಮತ್ಸರಪಟ್ಟವರೆಲ್ಲ ಆರೋಪಿಗಳೆಂದರೆ ತನ್ನನ್ನೂ ಹಿಡಿದು ಕೂಡಿಸಬೇಕಾಗುತ್ತದೆ ಎಂದುಕೊಂಡು ಕೆಳಗಿಳಿದ.

ಇಬ್ಬರು ಪಂಚರನ್ನು ಕರೆಸಿ ಪಂಚನಾಮೆ ಶುರುವಾಯಿತು. ಟ್ಯಾಂಕಿನ ತಳದ ಬೋಲ್ಟು ಸಡಿಲಿಸಿ ಉಳಿದದ್ದನ್ನು ಗಾಜಿನ ಬರಣಿಗೆ ಇಳಿಸಿದರು. ಅದರಲ್ಲೂ ತಳಕ್ಕೆ ನೀರು. ಕಸವಿಲ್ಲ, ಕೆಸರಿಲ್ಲ, ಕುಡಿಯುವ ನೀರಿನ ಹಾಗೆ ತಿಳಿ. ಬರಣಿಗೆ ಮೊಹರು ಬಿತ್ತು.

“ಇಷ್ಟು ನೀರಿದ್ದೂ ಪವಾಯಿತನಕ ಹ್ಯಾಂಗ ಓಡಿತು?”

“ನೀರು ಭಾರ, ತಳದಾಗ ಇರ್ತೈತಿ. ಅದಕ್ಕಂತನ ಡೀಸೆಲ್ ಎಳಿಯೂ ಕೊಳವಿಯನ್ನ ತಳದಿಂದ ಮ್ಯಾಲ ಇಟ್ಟೀನಿ. ಏರಿನಾಗ ಗಾಡಿ ವಾಲಿತು, ನೀರು ಕೊಳವಿ ಬಾಯಿಗೆ ಬಂತು.”

“ಹೊರಡೂ ಮುಂದ ತಳ ಬಿಚ್ಚಿ ನೋಡಲಿಲ್ಲ?”

ನೀಲಕಂಠಪ್ಪ ಮುಖ ಹಿಂಡಿದ. “ದಿನಾ ನೋಡ್ತೀನ್ರಿ. ಪೂಜಿ ಆದ ಗಾಡಿಗೆ ಮೊದಲನೇ ಸವಾರಿ ಮುಗಿಯೂತನಕ ಬೋಲ್ಟಿಗೆ ಪಾನಾ ಹಚ್ಚಬಾರದಂತ ಬಿಟ್ಟೆ.”

“ಮುಚ್ಚಳಕ್ಕ ಕೀಲಿ ಐತಲ್ಲ?”

“ಒಂದ ಕೀಲಿಕೈ. ನನ್ನ ಉಡದಾರಕ್ಕ. ಶನಿವಾರ ಮುಂಜಾನೆ ಡೀಸೆಲ್ ತುಂಬಾಕ ಧರ್ಮಣ್ಣಗ ಕೊಟ್ಟಿದ್ದೆ. ಅಂವ ಬಿಟ್ರ ಮತ್ತ ಯಾರ ಕೈಗೂ ಕೊಟ್ಟಿಲ್ಲ. ಅಂವಗ ಆ ಎರಡನೇ ಮಂಚದ ಮ್ಯಾಲ ಕಣ್ಣು. ತಾನೂ ಬರ್ತೀನಂತ ಬೆನ್ನು ಹತ್ತಿದ್ದ. ನಾ ಮುರಿಗೆಪ್ಪನ್ನ ಕರದೆ. ಪೂಜಿ ದಿನ ಹೋಳಗಿ ಎಲಿ ಬಿಟ್ಟು ಎದ್ದುಹೋದ. ಹೊಟ್ಟಿಕಿಚ್ಚು, ಮತ್ತೇನು?”

ಧರ್ಮಣ್ಣನನ್ನು ಗ್ಯಾರೇಜಿನ ಒಳಗಿಂದ ಕರೆದರು. ಮೂವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಮಾಲೀಕ ಪೊಲೀಸರನ್ನು ಕಂಡಕೂಡಲೇ ಹೇಳಿಬಿಟ್ಟಿದ್ದ: ಪೊಲೀಸ್ ಕೇಸಿನವನು ತನ್ನಲ್ಲಿ ಬೇಡ, ಹೆಸರು ಚೊಕ್ಕಟವಾಗದಿದ್ದರೆ ಗುರುವಾರದಿಂದ ಬರಬೇಡ. ಕೆಲಸ ಹೋದರೆ ತಲೆಯ ಮೇಲಿನ ಸೂರೂ ಹೋದ ಹಾಗೆ, ಏಕೆಂದರೆ ಅವನು ಮಲಗುವುದೂ ಅಲ್ಲೇ.

“ನೀರು ಹಾಕಿದಿ?”

“ಇಲ್ರಿ.”

“ಡೀಸೆಲ್ ಹ್ಯಾಂಗ ತುಂಬಿದಿ?”

ಗೋಡೆಗೆ ತೂಗುಹಾಕಿದ್ದ ಆಳಿಕೆಯನ್ನು ತಂದು ತೋರಿಸಿದ. ಅದರ ಬಾಯಿಗೆ ಮೆತ್ತನೆಯ ಚರ್ಮ ಕಟ್ಟಿತ್ತು. ಡೀಸೆಲ್‌ನಲ್ಲಿ ನೆನೆದ ಈ ಚರ್ಮ ಡೀಸೆಲನ್ನು ಇಳಿಸುತ್ತದೆ, ನೀರನ್ನು ತಡೆಯುತ್ತದೆ. ಇದೂ ನೀಲಕಂಠಪ್ಪನದೇ ಏರ್ಪಾಡು. ಬಸವಂತರಾಯ ಪಂಚರ ಎದುರು ನೀರು ಬೆರೆಸಿದ ಡೀಸೆಲ್ ಸುರಿಸಿ ನೋಡಿದ. ಡೀಸೆಲ್ ಸೋರಿಹೋಗಿ ನೀರು ಚರ್ಮದ ಮೇಲೆಯೇ ನಿಂತಿತು. ಅಂದರೆ ಆಳಿಕೆಯಿಂದ ನೀರು ಹೋಗಿಲ್ಲ. ಯಾರೋ ಮುಚ್ಚಳ ತೆಗೆದು ನೇರವಾಗಿ ಸುರಿದಿದ್ದಾರೆ.

“ಎರಡನೇ ಮಂಚ ನಿನಗಿಲ್ಲಂತ ಯಾವಾಗ ಗೊತ್ತಾತು?”

“ಪೂಜಿ ಆದಮ್ಯಾಲ, ಊಟಕ್ಕ ಕೂತಾಗ. ಎಲ್ಲಾರ ಮುಂದ ಹೇಳಿದ್ರು, ನಾನೂ ಮುರಿಗೆಪ್ಪನೂ ಹೋಗಾವ್ರು ಅಂತ.”

ಬಸವಂತರಾಯ ಇದನ್ನು ಮನಸ್ಸಿನಲ್ಲಿ ಗಂಟುಹಾಕಿಕೊಂಡ. ಡೀಸೆಲ್ ತುಂಬಿದ್ದು ಪೂಜೆಗೆ ಮೊದಲು. ಆಗ ಈ ಹುಡುಗ ತಾನೂ ಹೊರಟೆನೆಂದೇ ತಿಳಿದಿದ್ದ. ಸಿಟ್ಟು ಬರುವ ಹೊತ್ತಿಗೆ ಕೀಲಿಕೈ ಭಾವನ ಉಡದಾರಕ್ಕೆ ಮರಳಿತ್ತು. ಹಾಗೆಂದು ಬಿಟ್ಟುಬಿಡುವಂತೆಯೂ ಇರಲಿಲ್ಲ, ಹೆಸರು ಎಫ್‌ಐಆರ್‌ನಲ್ಲಿತ್ತು. ಧರ್ಮಣ್ಣನನ್ನು ವಿಚಾರಣೆಗೆಂದು ಠಾಣೆಗೆ ಕರೆತಂದು ಕೂಡಿಸಿದರು.

ಸಂಜೆ ಕಸ್ತೂರಿಬಾಯಿ ತಮ್ಮನಿಗೆ ಬುತ್ತಿ ತಂದಳು. ಐವತ್ತರ ಹತ್ತಿರದ ಹೆಂಗಸು, ಇಳಕಲ್ ಸೀರೆ, ಮುಖದಲ್ಲಿ ಯಾವ ಭಾವವೂ ಇಲ್ಲ. ಜೊತೆಗೆ ಬಂದಿದ್ದ ನೆರೆಮನೆಯ ಹನುಮವ್ವ ಮಾತ್ರ ಠಾಣೆಯೆಂಬ ಅಂಜಿಕೆ ಇಲ್ಲದೆ ಬಾಯಿ ಬಿಟ್ಟಳು.

“ನೋಡ್ರಿ ಸಾಹೇಬ್ರ, ಆ ಗಾಡಿ ಬಂದಾಗಿಂದ ಈ ಮನಿ ಮನಿಯಾಗಿ ಉಳದಿಲ್ಲ. ಚಾಳಿನಾಗ ಎಲ್ಲಾರೂ ಕೇಳ್ತೀವಿ, ಕಸ್ತೂರಿ, ನಿನ್ನ ಸವತಿ ಹ್ಯಾಂಗದಾಳವಾ ಅಂತ. ನಗ್ತಾಳ, ಸುಮ್ಮಾಗ್ತಾಳ. ಈಗ ಆ ಸವತಿ ಸಲುವಾಗಿ ತಮ್ಮನ್ನ ಹಿಡಿಸ್ಯಾನ, ಬಾಡ್ಯಾ!”

“ಹನುಮವ್ವಾ, ಸಾಕು,” ಎಂದಳು ಕಸ್ತೂರಿಬಾಯಿ. ಆಮೇಲೆ ಇನ್‌ಸ್ಪೆಕ್ಟರ್ ಕಡೆ ತಿರುಗಿ, “ಕೊಟ್ಟಾವ್ರು ಫಿರ್ಯಾದಿ ಹಿಂದ ತಗೊಂಡ್ರ ಬಿಡ್ತೀರೇನ್ರಿ?” ಎಂದು ಕೇಳಿದಳು.

“ಕೋರ್ಟಿನ ಒಪ್ಪಿಗಿ ಬೇಕಾಗ್ತೈತಿ. ಆದ್ರ ತಗೊಂಡ್ರ ಹಾದಿ ಹಗುರಾಗ್ತೈತಿ.”

“ತಗೋತಾರ,” ಎಂದಳು. “ನನ್ನ ತಮ್ಮ ಅಲ್ಲ? ತಗೋತಾರ.”

ಆ ಮಾತಿನಲ್ಲಿ ನಂಬಿಕೆಗಿಂತ ಪಂಥವೇ ಹೆಚ್ಚಿದ್ದಂತೆ ಬಸವಂತರಾಯನಿಗೆ ಅನ್ನಿಸಿತು. ಆದರೆ ಆಗ ಅದರ ಬೆನ್ನುಹತ್ತಲಿಲ್ಲ.

ಮೊಹರಾದ ಬರಣಿ ಅಂದೇ ರಾಸಾಯನಿಕ ಪರೀಕ್ಷೆಗೆ ಹೋಯಿತು. ಜೊತೆಗೆ ಅಂಗಳದ ಬಾವಿಯ ನೀರನ್ನೂ ಕಳಿಸಿದ್ದರು. ಗ್ಯಾರೇಜಿನಲ್ಲಿ ನಗರಪಾಲಿಕೆಯ ನಳವಿಲ್ಲ. ಇರುವುದು ಒಂದು ಹಳೆಯ ಬಾವಿ. ಸಮುದ್ರದ ಪಸೆ ಸೇರಿ ಅದರ ನೀರು ಉಪ್ಪು. ಗಾಡಿ ತೊಳೆಯಲಷ್ಟೇ ಬಳಕೆ, ಅದೂ ಅಪರೂಪ. ಅಂಗಳದಲ್ಲಿದ್ದ ಯಾರಾದರೂ ನೀರು ಹಾಕಿದ್ದರೆ ಅದೇ ಬಾವಿಯ ನೀರು ಹಾಕಿರಬೇಕು ಎಂಬುದು ಬಸವಂತರಾಯನ ಲೆಕ್ಕ.

ಬುಧವಾರ ಬೆಳಗ್ಗೆ ವರದಿ ಬಂತು. ಟ್ಯಾಂಕಿನ ನೀರು ಬಾವಿಯದಲ್ಲ. ಸಿಹಿನೀರು, ನಳದ್ದು.

ಆ ಬೇಸಿಗೆ ಮುಂಬಯಿಯಲ್ಲಿ ನೀರಿಗೆ ಹಾಹಾಕಾರ. ಚಾಳುಗಳಲ್ಲಿ ನಸುಕಿನಲ್ಲಿ ಒಂದಿಷ್ಟು ಹೊತ್ತು ನಳ ಬಂದರೆ ಬಂತು. ಒಂದು ಕೊಡ ಸಿಹಿನೀರನ್ನು ಬೀದಿಯಲ್ಲಿ ಹೊತ್ತು ತಂದು ಡೀಸೆಲ್ ಟ್ಯಾಂಕಿಗೆ ಸುರಿಯುವ ಮೂರ್ಖ ಯಾರು? ಪಕ್ಕದಲ್ಲೇ ಬಾವಿ ಇರುವಾಗ? ಬಸವಂತರಾಯ ತಲೆ ಕೆರೆದುಕೊಳ್ಳುತ್ತ ಕುಳಿತಿದ್ದಾಗಲೇ ನೀಲಕಂಠಪ್ಪ ಬಂದ. ಎರಡು ದಿನದಲ್ಲಿ ಇದು ನಾಲ್ಕನೆಯ ಸಲ. ಗಾಡಿ ಯಾವಾಗ ಬಿಡುತ್ತೀರಿ, ಪಂಪು ಬಿಚ್ಚಿ ಎಣ್ಣೆಯಲ್ಲಿಡದಿದ್ದರೆ ಹಾಳಾಗುತ್ತದೆ ಎಂಬ ಅದೇ ರಾಗ.

“ಧರ್ಮಣ್ಣನ ಮ್ಯಾಲಿನ ಫಿರ್ಯಾದಿ ಹಿಂದ ತಗೊಳ್ಳೂ ವಿಚಾರ ಐತೇನು?”

“ಯಾಕ ತಗೋಬೇಕ್ರಿ? ಅಕಿ ಮೈಮ್ಯಾಲ ಕೈ ಹಾಕಿದಂವನ್ನ ಬಿಡ್ಲೇನು? ಹೇಣ್ತಿ ದಿನಾ ರಾತ್ರಿ ಕೇಳ್ತಾಳ. ಆಗೂದಿಲ್ಲಂತ ಹೇಳಿಬಿಟ್ಟೀನಿ.”

ಬಿಸಿಲಿಗೆ ಬಂದವನು ಗುರವನಿಂದ ಒಂದು ಗ್ಲಾಸು ನೀರು ಇಸಿದುಕೊಂಡು ಗಟಗಟನೆ ಕುಡಿದ. ಟೋಪಿ ತೆಗೆದು ಗಾಳಿ ಹಾಕಿಕೊಂಡ.

“ಹಾ, ಜೀವ ಬಂತು. ಮನ್ಯಾಗ ನೀರು ಕುಡಿಯಾಕೂ ಅಂಜಿಕಿ ನೋಡ್ರಿ. ಶನಿವಾರ ರಾತ್ರಿ ಹೋಳಗಿ ತಿಂದು ನೀರಡಿಸಿತ್ತು. ಮೂಲ್ಯಾಗಿನ ಹಿತ್ತಾಳಿ ಕೊಡದಾಗ ತಂಬಗಿ ಅದ್ದಿ ಬಾಯಿಗಿಟ್ರ, ಥೂ! ಉಪ್ಪು! ಕೇಳಿದ್ರ ಹೇಣ್ತಿ, ನಳದಾಗ ಹಂಗ ಬಂದೈತಿ ಅಂದ್ಲು. ಮನಸ್ಸೆಲ್ಲಿಟ್ಟಿರ್ತಾಳೋ.”

ಬಸವಂತರಾಯನ ಕೈಯಲ್ಲಿದ್ದ ಪೆನ್ನು ನಿಂತಿತು.

“ಹಿತ್ತಾಳಿ ಕೊಡ. ಅದನ್ನ ಪೂಜಿಗೆ ತಂದಿದ್ರೇನು?”

“ಹೌದಲ್ರಿ. ಗಾಲಿ ತೊಳಿಯಾಕ. ಪೂಜಿಗೆ ಉಪ್ಪುನೀರು ನಡಿಯೂದಿಲ್ಲ. ಮನಿಯಿಂದ ಹೊತ್ತು ತಂದಿದ್ಲು.”

“ಕೀಲಿಕೈಗೂ ಪೂಜಿ ಮಾಡಿದ್ರಿ?”

“ಮಾಡದ ಬಿಡ್ತಾರೇನ್ರಿ? ಉಡದಾರದಿಂದ ಬಿಚ್ಚಿ ತಾಟಿನಾಗ ಇಟ್ಟಿದ್ದೆ. ಕುಂಕುಮ ಹಚ್ಚಿದ್ಲು.”

“ಯಾರ ಕೈಗೂ ಕೊಟ್ಟಿಲ್ಲಂದ್ರಿ.”

“ಕೊಟ್ಟಿಲ್ಲ! ಪೂಜಿ ತಾಟಿನಾಗ ಇಟ್ಟದ್ದು ಕೊಟ್ಟಂಗ ಆಗ್ತೈತೇನು?”

ಬಸವಂತರಾಯ ಪೆನ್ನಿಗೆ ಮುಚ್ಚಳ ಹಾಕಿ ಎದ್ದ. ಆ ಮನುಷ್ಯನನ್ನು ಅಲ್ಲೇ ಕೂಡಿಸಿ, ಗುರವನನ್ನು ಕರೆದುಕೊಂಡು ಗ್ಯಾರೇಜಿಗೆ ನಡೆದ. ಸಿಹಿನೀರು ಟ್ಯಾಂಕಿನಲ್ಲಿ, ಉಪ್ಪುನೀರು ಮನೆಯ ಕೊಡದಲ್ಲಿ. ಎರಡೂ ಜಾಗ ಬದಲಿಸಿವೆ. ಬದಲಿಸಿದ್ದು ಯಾವಾಗ ಎಂದು ಹೇಳಬಲ್ಲವನು ಒಬ್ಬನೇ: ಅಂಗಳದ ಕಾವಲುಗಾರ ಕೊರಗ. ಉಡುಪಿ ಕಡೆಯ ಮುದುಕ, ಗೇಟಿನ ಹತ್ತಿರ ಸ್ಟೂಲಿನ ಮೇಲೆ ಕೂತರೆ ಏಳುವವನಲ್ಲ.

“ಶನಿವಾರ ಕಸ್ತೂರಿಬಾಯಿ ಕೊಡ ತಂದಿದ್ದು ನೋಡಿದ್ದೀಯಾ?”

“ನೋಡದೆ ಎಂತ ಸ್ವಾಮಿ. ತುಂಬಿದ ಕೊಡ ತಂದ್ರು, ತುಂಬಿದ ಕೊಡ ತಕೊಂಡು ಹೋದ್ರು.”

“ಗಾಲಿ ತೊಳೆದಿದ್ದಕ್ಕೆ ನೀರು ಖರ್ಚಾಗಲಿಲ್ಲವಾ?”

“ತೊಳೆದದ್ದೆಲ್ಲಿ? ಒಂದು ಚೆಂಬಿನಲ್ಲಿ ಚಿಮುಕಿಸಿದ್ದು ಅಷ್ಟೆ. ನೆಲ ಸಹ ಒದ್ದೆಯಾಗಿಲ್ಲ.”

“ಮತ್ತೆ ಬಾವಿಯಿಂದ ಯಾರಾದರೂ ನೀರು ಸೇದಿದರಾ?”

ಮುದುಕ ಬಾವಿಯ ಕಡೆ ಕೈ ತೋರಿಸಿದ. “ಅದೇ ಅಮ್ಮ ಸೇದಿದ್ರು. ಊಟ ಆಗಿ ಗಂಡಸರೆಲ್ಲ ಹೊರಗೆ ಎಲೆ ಅಡಿಕೆ ಹಾಕ್ತಾ ಇದ್ರು. ಅಮ್ಮ ಗಾಡಿಯ ಆಚೆಯಿಂದ ಬಂದು ನನ್ನ ಹತ್ರ ಹಗ್ಗ ಕೇಳಿದ್ರು. ನಾನು ಹೇಳಿದೆ, ಮಾರಾಯ್ತಿ, ಅದು ಉಪ್ಪು, ಬಾಯಿಗೆ ಹಾಕ್ಲಿಕ್ಕೆ ಆಗುದಿಲ್ಲ ಅಂತ. ಇರಲಿ, ಇಂಥ ದಿನ ಮುತ್ತೈದೆ ಖಾಲಿ ಕೊಡ ಹೊತ್ತು ಮನೆಗೆ ಹೋಗ್ಬಾರದು ಅಂದ್ರು. ಅದೂ ಸರಿಯೇ ಅಲ್ವಾ?”

ಸರಿಯೇ. ಅಷ್ಟು ಸರಿ ಇದ್ದದ್ದರಿಂದಲೇ ಯಾರ ಕಣ್ಣಿಗೂ ಅದು ಬೀಳಲಿಲ್ಲ. ಟ್ಯಾಂಕಿಗೆ ನೀರು ಸುರಿಯುವಷ್ಟು ಸಿಟ್ಟಿನಲ್ಲೂ ಆಕೆಗೆ ಖಾಲಿ ಕೊಡ ಹೊತ್ತು ಗೇಟು ದಾಟಲು ಮನಸ್ಸು ಬರಲಿಲ್ಲ. ಗಂಡ ಹೊರಡುವ ಗಾಡಿಯ ಮುಂದೆ ಅಪಶಕುನವಾಗಬಾರದಂತೆ! ಬಸವಂತರಾಯನಿಗೆ ನಗುವೂ ಬಂತು, ಕರುಳೂ ಚುರ್ರೆಂದಿತು.

ಮಧ್ಯಾಹ್ನ ಎರಡರ ಹೊತ್ತಿಗೆ ಪಂಚರು, ಒಬ್ಬ ಮಹಿಳಾ ಕಾನ್‌ಸ್ಟೇಬಲ್, ಗುರವ, ಇನ್‌ಸ್ಪೆಕ್ಟರ್ ಚಾಳಿನ ಮೆಟ್ಟಿಲು ಹತ್ತಿದರು. ಪ್ರತಿ ಬಾಗಿಲ ಮುಂದೆಯೂ ಕೊಡ, ಬಕೀಟು, ಡಬ್ಬಿಗಳ ಸಾಲು. ಕೊನೆಯಲ್ಲಿ ಇಡೀ ಮಾಳಿಗೆಗೆ ಒಂದೇ ನಳ, ಅದರ ಬಾಯಿ ಒಣಗಿತ್ತು. ಕಸ್ತೂರಿಬಾಯಿ ತಮ್ಮನ ಬುತ್ತಿ ಕಟ್ಟುತ್ತಿದ್ದಳು.

“ಒಂದೀಟು ನೀರು ಕೊಡ್ರಿ,” ಎಂದ ಬಸವಂತರಾಯ.

ಆಕೆ ಮಣ್ಣಿನ ಮಡಕೆಯ ಕಡೆ ಹೋದಳು.

“ಅದರಾಗಿಂದಲ್ಲ. ಆ ಹಿತ್ತಾಳಿ ಕೊಡದಾಗಿಂದು.”

ಆಕೆ ನಿಂತಲ್ಲೇ ನಿಂತಳು. ತಂಬಿಗೆ ಕೆಳಗಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು ನೆಲದ ಮೇಲೆ ಕುಳಿತಳು.

“ಅದು ಮುಸರಿ ತೊಳಿಯಾಕ ಇಟ್ಟದ್ದು. ಉಪ್ಪೈತಿ.” ಬುತ್ತಿಯ ಕಡೆ ನೋಡಿ ಕೇಳಿದಳು: “ನನ್ನ ತಮ್ಮನ್ನ ಬಿಟ್ರೇನ್ರಿ?”

“ನೀವು ಹೇಳಿದ್ರ ಬಿಡ್ತೀನಿ.”

“ನಾನ ಸುರುವಿದೆ. ಅಂವಗೇನೂ ಗೊತ್ತಿಲ್ಲ.”

ಕೊಡದಲ್ಲಿ ಉಳಿದಿದ್ದ ನೀರನ್ನು ಬಾಟಲಿಗೆ ತುಂಬಿ ಮೊಹರು ಮಾಡಿದರು. ಪಂಚರು ಸಹಿ ಹಾಕಿದರು. ಬಸವಂತರಾಯ ಕುರ್ಚಿ ಬೇಡವೆಂದು ಹೊಸ್ತಿಲ ಮೇಲೆಯೇ ಕುಳಿತ.

“ನೀರು ಹಾಕಿದ್ರ ಗಾಡಿ ಕೆಡ್ತೈತಂತ ಹ್ಯಾಂಗ ಗೊತ್ತಿತ್ತು?”

“ಗೊತ್ತಿರದ ಏನ್ರಿ? ಉಣ್ಣೂವಾಗ ಅದ ಮಾತು, ಮಲಗೂವಾಗ ಅದ ಮಾತು. ನೀರ ಅಕಿಗೆ ವಿಷ, ಒಂದು ಹನಿ ಹೋದ್ರ ಎದಿ ಒಡಕೋತಾಳ, ಹಂಗ ಸೋಸಬೇಕು, ಹಿಂಗ ತುಂಬಬೇಕು. ನನಗ ಜ್ವರ ಬಂದಾಗ ಹಣಿ ಮುಟ್ಟಿ ನೋಡದಾವ್ರು ಅಕಿ ಟ್ಯಾಂಕ್ ಮುಟ್ಟಿ ನೋಡ್ತಿದ್ರು, ಕಾದೈತೇನಂತ.”

“ಯಾಕ ಹಾಕಿದ್ರಿ?”

“ಹಾಕಬೇಕಂತ ಹೋಗಿದ್ದಿಲ್ಲ. ದೇವರಾಣಿ.” ಆಕೆಯ ಧ್ವನಿ ಮೊದಲ ಸಲ ಏರಿತು. “ಮದುವ್ಯಾಗಿ ಈ ಖೋಲಿಗೆ ಬಂದಾಗಿಂದ ನಸುಕಿನಾಗ ಎದ್ದು ಆ ನಳದ ಮುಂದ ಪಾಳಿ ಹಚ್ಚೀನಿ. ಬಸರಿದ್ದಾಗೂ ಹಚ್ಚೀನಿ, ಅದು ಉಳಿಲಿಲ್ಲ. ಮನ್ಯಾಗ ಒಂದು ನಳ ಹಾಕಿಸ್ರಿ ಅಂದ್ರ, ಜಾಗಾ ಎಲ್ಲೈತಿ ಅಂತಿದ್ರು. ಗಾಡ್ಯಾಗ ಜಾಗಾ ಸಿಕ್ತು! ಹಾಕಿದ ದಿನ ನನ್ನ ಕರಕೊಂಡು ಹೋಗಿ ತಿರುವಿ ತೋರಿಸಿದ್ರು. ನೀರು ಬಂತು. ಮುಟ್ಟಾಕ ಹೋದ್ರ, ಒದ್ದಿ ಕೈ ಹಚ್ಚಬ್ಯಾಡ, ಕಲೆ ಬೀಳ್ತಾವು ಅಂದ್ರು. ನಾ ಆದ್ರೂ ಇರಲಿ ಅಂದೆ. ಪರದೆ ಹೊಲಿದೆ. ಎರಡು ಕೌದಿ ಹೊಲಿದೆ. ಎರಡನೇ ಮಂಚ ನಂದಂತ ತಿಳಕೊಂಡಿದ್ದೆ. ಶ್ರೀಶೈಲಕ್ಕ ನಾ ಎಂದೂ ಹೋಗಿಲ್ಲ. ಪೂಜಿ ದಿನ ಎಲ್ಲಾರೂ ಉಣ್ಣಾಕ ಕೂತಾಗ ಅಂತಾರ, ನಾನೂ ಮುರಿಗೆಪ್ಪನೂ ಹೋಗಾವ್ರು, ಹೆಂಗಸರು ಕೂತ್ರ ಅಕಿಗೆ ಭಾರ ಆಗ್ತೈತಿ. ಎಲ್ಲಾರೂ ನಕ್ರು. ನಾ ಹೋಳಗಿ ನೀಡ್ತಿದ್ದೆ. ನಾನೂ ನಕ್ಕೆ.”

ಬಾಗಿಲಲ್ಲಿ ನಿಂತಿದ್ದ ಹನುಮವ್ವ ಸೆರಗು ಬಾಯಿಗೊತ್ತಿಕೊಂಡಳು.

“ಆಮ್ಯಾಲ ತಾಟು ಎತ್ತಾಕ ಹೋದೆ. ಕೀಲಿಕೈ ತಾಟಿನಾಗ, ಕೊಡ ಕಾಲಾಗ. ಕುಡಿ ಸವತಿ, ಪಾಳಿ ಹಚ್ಚದ ನೀರು ಸಿಕ್ಕೈತಿ ನಿನಗ, ಹೊಟ್ಟಿ ತುಂಬ ಕುಡಿ ಅಂದೆ. ಅಂಗಳದಾಗ ಕೆಟ್ಟು ನಿಂದರ್ತೈತಿ, ಅಷ್ಟ ಅಂತ ತಿಳಿದಿದ್ದೆ. ರಸ್ತೆದಾಗ ಹಂಗ ಆಗ್ತೈತಂತ, ಮುರಿಗೆಪ್ಪಣ್ಣನ ಎಲುಬು ಮುರಿತೈತಂತ ನನಗೇನು ಗೊತ್ರಿ?”

“ಸೋಮವಾರನ ಯಾಕ ಹೇಳಲಿಲ್ಲ? ತಮ್ಮ ಎರಡು ದಿನ ಠಾಣ್ಯಾಗ ಕೂತ.”

ಕಸ್ತೂರಿಬಾಯಿ ತಲೆ ತಗ್ಗಿಸಿದಳು. “ನನ್ನ ಮುಖಾ ನೋಡಿ ಇವ್ರು ಫಿರ್ಯಾದಿ ಬಿಡ್ತಾರೇನಂತ ಕಾದೆ. ಅಕಿ ಹೆಚ್ಚೋ, ನಾ ಹೆಚ್ಚೋ ನೋಡೂಣು ಅಂತ. ತಪ್ಪಾತು. ನಾಳೆ ಅಂವನ ಕೆಲಸ ಹೋಗ್ತಿತ್ತು. ಈ ಬುತ್ತಿ ಕಟ್ಟಿಕೊಂಡು ನಾನ ಬಂದು ಹೇಳಾವಳಿದ್ದೆ. ನೀವು ನಂಬಿದ್ರ ನಂಬ್ರಿ.”

ಬಸವಂತರಾಯ ನಂಬಿದ. ಆ ಗಾಡಿಯೊಳಗೆ ತಾನು ಆ ನಳವನ್ನು ಮೂರು ಸಲ ತಿರುಗಿಸಿದ್ದು ಅವನಿಗೆ ನೆನಪಾಯಿತು. ಅದನ್ನು ನೋಡಿ ಅವನೂ ಹೊಟ್ಟೆ ಉರಿಸಿಕೊಂಡಿದ್ದ. ಆದರೆ ಆ ನಳಕ್ಕಾಗಿ ಕಾದು ಕೂತ ಒಬ್ಬ ಹೆಂಗಸಿರಬಹುದು ಎಂಬುದು ಅವನ ತಲೆಗೆ ಹೊಳೆದಿರಲಿಲ್ಲ. ಮನೆಯಲ್ಲಿ ತನ್ನ ಹೆಂಡತಿ ವಿನೋದಿನಿ ಬೆಳಗ್ಗೆ ಎಷ್ಟಕ್ಕೆ ಏಳುತ್ತಾಳೆಂಬುದೂ ಅವನಿಗೆ ಸರಿಯಾಗಿ ಗೊತ್ತಿರಲಿಲ್ಲ.

ಮೂರು ಗಂಟೆಗೆ ಆಕೆಯನ್ನು ದಸ್ತಗಿರಿ ಮಾಡಿದ್ದಾಗಿ ದಾಖಲಾಯಿತು. ಹೊರಡುವ ಮುನ್ನ ಕಸ್ತೂರಿಬಾಯಿ ಒಲೆಯ ಕಡೆ ಒಮ್ಮೆ ನೋಡಿ, ಬುತ್ತಿಯನ್ನು ಕೈಗೆತ್ತಿಕೊಂಡಳು.

ಠಾಣೆಯಲ್ಲಿ ನೀಲಕಂಠಪ್ಪ ಕೂಡಿಸಿದಲ್ಲೇ ಕುಳಿತಿದ್ದ. ಪಕ್ಕದಲ್ಲಿ, ಹೇಳಿಕೆ ಕೊಡಲು ಕರೆಸಿದ್ದ ಮುರಿಗೆಪ್ಪ, ತೋಳು ಜೋಳಿಗೆಯಲ್ಲಿ. ಮಹಿಳಾ ಕಾನ್‌ಸ್ಟೇಬಲ್‌ನ ಜೊತೆ ಹೆಂಡತಿ ಒಳಗೆ ಬಂದದ್ದನ್ನು ಕಂಡು ನೀಲಕಂಠಪ್ಪ ಎದ್ದು ನಿಂತ. ಬಸವಂತರಾಯ ನಾಲ್ಕೇ ಮಾತಿನಲ್ಲಿ ವಿಷಯ ತಿಳಿಸಿದ. ಧರ್ಮಣ್ಣನನ್ನು ಹೊರಗೆ ಬಿಟ್ಟರು. ಅವನು ಅಕ್ಕನ ಮುಖ ನೋಡಿದ, ಭಾವನ ಮುಖ ನೋಡಿದ, ಅಕ್ಕನ ಪಕ್ಕಕ್ಕೆ ಹೋಗಿ ನಿಂತ.

ನೀಲಕಂಠಪ್ಪನ ಮುಖ ಬಿಳಿಚಿಹೋಗಿತ್ತು. ಹೆಂಡತಿಯ ಕಡೆ ಒಂದು ಹೆಜ್ಜೆ ಇಟ್ಟ. ಕಸ್ತೂರಿಬಾಯಿ ತಲೆಯೆತ್ತಿ ಅವನನ್ನೇ ನೋಡಿದಳು. ಇಡೀ ಠಾಣೆ ಅವನ ಮಾತಿಗೆ ಕಾದಿತ್ತು.

“ಶನಿವಾರ ಮಧ್ಯಾಹ್ನ ಅಂದ್ರ...” ಎಂದ ಅವನು ಇನ್‌ಸ್ಪೆಕ್ಟರ್ ಕಡೆ ತಿರುಗಿ, “ಇವತ್ತಿಗೆ ನಾಕು ದಿನ ಆತಲ್ರಿ ಸಾಹೇಬ್ರ. ಟ್ಯಾಂಕ್ ಪೂರಾ ಒಣಗಿಸ್ಯಾರೇನು? ತಳದಾಗ ಪಸಿ ಉಳದ್ರ ಅಕಿ ತೂತು ಬೀಳ್ತಾಳ.”

ಗುರವನಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಅವನು ಮುಖ ಬೇರೆ ಕಡೆ ತಿರುಗಿಸಿದ.

ಕಸ್ತೂರಿಬಾಯಿ ಅಳಲಿಲ್ಲ. “ಕೇಳಿದ್ರೇನ್ರಿ?” ಎಂದಳು ಬಸವಂತರಾಯನಿಗೆ. “ಯಾಕ ಹಾಕಿದಿ ಅಂತ ಕೇಳಿದ್ರಲ್ಲ. ನಾ ಸುಮ್ಮನ ಅಷ್ಟುದ್ದ ಹೇಳಿದೆ. ಇದನ್ನ ಬರಕೊಳ್ರಿ.”

ಜಾಮೀನು ಕೊಡಬಹುದಾದ ಅಪರಾಧ. ಜಾಮೀನು ಯಾರು ನಿಲ್ಲುತ್ತೀರಿ ಎಂದು ಗುರವ ಕೇಳಿದಾಗ ನೀಲಕಂಠಪ್ಪ ಕಿಟಕಿಯ ಹತ್ತಿರ ನಿಂತು ಉಡದಾರದ ಕೀಲಿಕೈಯನ್ನು ತಡವುತ್ತಿದ್ದ. ಮುರಿಗೆಪ್ಪ ಎದ್ದು ಬಂದ. ಬಲಗೈ ಏಳುತ್ತಿರಲಿಲ್ಲವಾದ್ದರಿಂದ ಎಡಗೈ ಹೆಬ್ಬೆಟ್ಟಿಗೆ ಮಸಿ ಹಚ್ಚಿಸಿಕೊಂಡು ಒತ್ತಿದ. “ತಂಗೀ, ಆ ಮಂಚ ನಂಗ ಬೇಕಾಗಿದ್ದಿಲ್ಲವಾ,” ಎಂದ ಮೆಲ್ಲಗೆ.

ಸಂಜೆ ಬಸವಂತರಾಯ ಪ್ರಕರಣದ ಟಿಪ್ಪಣಿಯಲ್ಲಿ ಕಾರಣವನ್ನು ಬರೆಯುವಲ್ಲಿ ಮತ್ಸರ ಎಂದು ಬರೆದ. ಯಾರ ಮೇಲೆ ಎಂಬುದನ್ನೂ ಬರೆಯಬೇಕಿತ್ತು. ತುಸು ಯೋಚಿಸಿ, ವಾಹನದ ಮೇಲೆ ಎಂದು ಸೇರಿಸಿ, ಕಾಗದ ಮಡಚಿಟ್ಟು ಮನೆಗೆ ಹೊರಟ. ಠಾಣೆಯ ಮೆಟ್ಟಿಲ ಮೇಲೆ ಅಕ್ಕ ತಮ್ಮ ಇಬ್ಬರೂ ಕುಳಿತು, ಮಧ್ಯಾಹ್ನ ಕಟ್ಟಿದ್ದ ಬುತ್ತಿಯನ್ನು ಬಿಚ್ಚಿ ಉಣ್ಣುತ್ತಿದ್ದರು.